ಮಹಡಿ, ಅಡುಗೆಮನೆ, ಬೀದಿ

ನಮ್ಮ ಆಫೀಸಿನಲ್ಲಿ ಓದುವ ಚಟ ಇರುವ ಏಳೆಂಟು ಜನ ತಿಂಗಳಿಗೊಮ್ಮೆ ಊಟದ ಹೊತ್ತಿನಲ್ಲಿ ಸೇರುತ್ತೇವೆ. ಡಬ್ಬಿ ಬಿಚ್ಚಿ, ಪುಸ್ತಕ ಬಿಚ್ಚಿ, ಎರಡರ ಬಗ್ಗೆಯೂ ಮಾತಾಡುತ್ತೇವೆ. ಹೋದ ಸಲದ ವಿಷಯ ‘ಅಮೆರಿಕದ ಒಬ್ಬ ದೊಡ್ಡ ಕವಿ’. ಒಬ್ಬ ವಾಲ್ಟ್ ವಿಟ್ಮನ್ ತಂದ. ಒಬ್ಬಳು ಎಮಿಲಿ ಡಿಕಿನ್ಸನ್ ತಂದಳು. ಫ್ರಾಸ್ಟ್ ಅಂತೂ ಬಂದೇ ಬಂದ, ಅವನಿಲ್ಲದೆ ಇಂಥ ಸಭೆ ಎಲ್ಲಾದರೂ ನಡೆಯುತ್ತಾ? ನಾನು ಎ. ಕೆ. ರಾಮಾನುಜನ್ ಅವರ ಪುಸ್ತಕ ಮೇಜಿನ ಮೇಲಿಟ್ಟೆ.

‘ಇದು ಮೋಸ, ಅವರು ಮೈಸೂರಿನವರು’ ಅಂತ ಜಗಳ ಶುರುವಾಯಿತು.

ಹೌದು, ಮೈಸೂರಿನವರೇ. ಹುಟ್ಟಿದ್ದು 1929ರಲ್ಲಿ ಮೈಸೂರಿನಲ್ಲಿ, ಓದಿದ್ದು ಮಹಾರಾಜಾ ಕಾಲೇಜಿನಲ್ಲಿ. ಬೆಳಗಾವಿಯೂ ಸೇರಿ ನಾಲ್ಕಾರು ಊರುಗಳ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಮಾಡಿದ ಮೇಲೆ 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋದರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿದರು, ಆಮೇಲೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 1993ರಲ್ಲಿ ತೀರಿಕೊಂಡದ್ದೂ ಷಿಕಾಗೋದಲ್ಲೇ. ಲೆಕ್ಕ ಹಾಕಿದರೆ ಬದುಕಿನ ಅರ್ಧ ಇಲ್ಲಿ, ಅರ್ಧ ಅಲ್ಲಿ. ಅವರ ಇಂಗ್ಲಿಷ್ ಕವನ ಸಂಕಲನಗಳೆಲ್ಲ ಬಂದದ್ದು ಅಲ್ಲಿಗೆ ಹೋದ ಮೇಲೆ. ‘ಇಂಡಿಯನ್-ಅಮೆರಿಕನ್’ ಅನ್ನೋ ಪದದ ನಡುವೆ ಇರುವ ಅಡ್ಡಗೆರೆಯೇ ನಾನು ಅಂತ ಅವರು ತಮಾಷೆ ಮಾಡುತ್ತಿದ್ದರಂತೆ.

ನಾನು ಸಭೆಯಲ್ಲಿ ಕೊಟ್ಟ ವಾದ ಇಷ್ಟೇ: ನಮ್ಮೂರು ಬೆಟ್ಟದಪುರ, ಪಿರಿಯಾಪಟ್ಟಣ ತಾಲೂಕು. ನಮ್ಮ ಕಡೆಗೆ ಅಮೆರಿಕ ಬಂದದ್ದು ಕವಿತೆಯ ಮೂಲಕ ಅಲ್ಲ, ವರ್ಜೀನಿಯಾ ಹೊಗೆಸೊಪ್ಪಿನ ಮೂಲಕ. ಹುಣಸೂರಿನಿಂದ ಆಚೆಗೆ ಹೊರಟರೆ ಹೊಲಕ್ಕೊಂದರಂತೆ ಸೊಪ್ಪು ಬೇಯಿಸುವ ಬ್ಯಾರನ್‌ಗಳು ಕಾಣುತ್ತವೆ. ಹೆಸರು ಅಲ್ಲಿಯದು, ಮಣ್ಣು ಇಲ್ಲಿಯದು. ಅದನ್ನು ಅಮೆರಿಕದ ಬೆಳೆ ಅಂತ ನಮ್ಮೂರಲ್ಲಿ ಯಾರೂ ದೂರ ಇಟ್ಟಿಲ್ಲ. ಇಲ್ಲಿ ಮೊಳೆತು ಅಲ್ಲಿ ಬೆಳೆದ ಕವಿಯನ್ನು ಅಮೆರಿಕದವನೂ ಹೌದು ಅಂತ ಒಪ್ಪಿಕೊಳ್ಳೋಕೆ ನಮಗೇಕೆ ಕಷ್ಟ?

ನನ್ನ ವಾದಕ್ಕೆ ಅರ್ಧ ಸಭೆ ನಕ್ಕಿತು, ಅರ್ಧ ಸಭೆ ಮೊಸರನ್ನ ತಿಂದಿತು. ಆದರೆ ರಾಮಾನುಜನ್ ನನಗೆ ಯಾಕೆ ಅಷ್ಟು ಬೇಕು ಅನ್ನೋದನ್ನು ಅಲ್ಲಿ ಹೇಳಲಿಲ್ಲ. ಅದನ್ನಿಲ್ಲಿ ಬರೆಯುತ್ತಿದ್ದೇನೆ.

ರಾಮಾನುಜನ್ ತಮ್ಮ ಬಾಲ್ಯದ ಮನೆಯ ಬಗ್ಗೆ ಹೇಳಿದ ಒಂದು ಚಿತ್ರ ತುಂಬಾ ಪ್ರಸಿದ್ಧ. ಅಪ್ಪ ಅತ್ತಿಪಟ್ ಆಸೂರಿ ಕೃಷ್ಣಸ್ವಾಮಿ, ಗಣಿತದ ಪ್ರಾಧ್ಯಾಪಕರು. ಅವರು ಇರುತ್ತಿದ್ದದ್ದು ಮಹಡಿಯ ಮೇಲೆ, ಅಲ್ಲಿನ ಭಾಷೆ ಇಂಗ್ಲಿಷ್. ಕೆಳಗೆ ಅಡುಗೆಮನೆಯಲ್ಲಿ ಅಮ್ಮ, ಅಲ್ಲಿ ತಮಿಳು. ಬಾಗಿಲು ದಾಟಿ ಬೀದಿಗೆ ಬಂದರೆ ಕನ್ನಡ. ಹುಡುಗ ದಿನಕ್ಕೆ ಹತ್ತಾರು ಸಲ ಮೆಟ್ಟಿಲು ಹತ್ತಿ ಇಳಿದು ಮೂರು ಭಾಷೆ ಬದಲಾಯಿಸುತ್ತಿದ್ದ. ವಿಮರ್ಶಕರು ಇದನ್ನು ಬಹುಭಾಷಿಕತೆ ಅಂತ ಕರೆದು ಮುಂದೆ ಹೋಗುತ್ತಾರೆ. ನನಗೆ ಹಾಗೆ ಮುಂದೆ ಹೋಗೋಕೆ ಆಗಲಿಲ್ಲ, ಯಾಕೆಂದರೆ ಅದು ನಮ್ಮ ಮನೆ. ನಮ್ಮದಕ್ಕೆ ಮಹಡಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಾವು ಬೆಟ್ಟದಪುರದ ಸಂಕೇತಿಗಳು. ತಮಿಳುನಾಡಿನ ಸೆಂಗೋಟ್ಟೈ ಕಡೆಯಿಂದ ಶತಮಾನಗಳ ಹಿಂದೆ ವಲಸೆ ಬಂದವರು ಅಂತ ಹಿರಿಯರು ಹೇಳುತ್ತಾರೆ. ನಾಚಾರಮ್ಮ ಅನ್ನೋ ವಿದ್ವಾಂಸೆ ಅವಮಾನ ತಾಳದೆ ಊರು ಬಿಟ್ಟಳು, ಅವಳ ಹಿಂದೆ ಕುಟುಂಬಗಳು ಹೊರಟವು ಅನ್ನೋದು ನಮ್ಮ ಮನೆಮನೆಯ ಕಥೆ. ಕಥೆಯ ಜೊತೆಗೆ ಒಂದು ಭಾಷೆಯೂ ಬಂತು. ತಮಿಳು, ಮಲಯಾಳ ಎರಡೂ ಅದರೊಳಗೆ ಕೇಳಿಸುತ್ತವೆ, ಇಷ್ಟು ವರ್ಷದ ನೆರೆಹೊರೆಯಿಂದ ಕನ್ನಡ ಅದರ ತುಂಬ ಹರಡಿಕೊಂಡಿದೆ. ಅದಕ್ಕೆ ತನ್ನದೇ ಲಿಪಿ ಇಲ್ಲ. ಪಠ್ಯಪುಸ್ತಕ ಇಲ್ಲ. ಅಡುಗೆಮನೆ, ಜಗಲಿ, ಮದುವೆಮನೆ ಇದೆ.

ನಾನು ಹೈಸ್ಕೂಲಿಗೆ ಬಂದಾಗ ಒಬ್ಬ ಗೆಳೆಯ ನಮ್ಮ ಮನೆಗೆ ಬಂದಿದ್ದ. ಅಜ್ಜಿ ನನ್ನ ಹತ್ತಿರ ಸಂಕೇತಿಯಲ್ಲಿ ಏನೋ ಕೇಳಿದರು. ಅವನು ನಕ್ಕ, ಮರುದಿನ ಕ್ಲಾಸಿನಲ್ಲಿ ಅದನ್ನು ಅಣಕಿಸಿ ತೋರಿಸಿದ. ಅವತ್ತಿನಿಂದ ಅಜ್ಜಿ ಸಂಕೇತಿಯಲ್ಲಿ ಕೇಳಿದ್ದಕ್ಕೆಲ್ಲ ನಾನು ಕನ್ನಡದಲ್ಲಿ ಉತ್ತರ ಕೊಡೋಕೆ ಶುರು ಮಾಡಿದೆ. ಅಜ್ಜಿ ಏನೂ ಅನ್ನಲಿಲ್ಲ. ಕೆಲವು ವರ್ಷ ಹಾಗೇ ನಡೆಯಿತು, ಅವರು ಅವರ ಭಾಷೆಯಲ್ಲಿ, ನಾನು ನನ್ನ ಭಾಷೆಯಲ್ಲಿ. ಆಮೇಲೆ ಒಂದು ದಿನ ಅವರೂ ನನ್ನ ಜೊತೆ ಕನ್ನಡದಲ್ಲೇ ಮಾತಾಡತೊಡಗಿದರು. ಅದು ಯಾವ ದಿನ ಅಂತ ನನಗೆ ನೆನಪಿಲ್ಲ. ನೆನಪಿಟ್ಟುಕೊಳ್ಳುವಂಥದ್ದು ಏನೋ ಆಯಿತು ಅಂತಲೂ ಆಗ ಅನಿಸಿರಲಿಲ್ಲ.

ಇಷ್ಟು ಹೇಳಿಕೊಂಡ ಮೇಲೆ ಕವಿತೆಗೆ ಬರುತ್ತೇನೆ.

ಊರು ಬಿಟ್ಟವರು ರಾಮಾನುಜನ್ ಓದುವಾಗ ಒಂದು ತಪ್ಪು ಮಾಡುತ್ತೇವೆ. ನಾನೂ ಮಾಡಿದ್ದೆ. ಹೊರದೇಶ, ಅಮ್ಮ, ಹಳೇ ಮನೆ, ಸಂಪಿಗೆ ಮರ ಅಂದ ಕೂಡಲೇ ಇದು ತವರಿನ ಹಂಬಲದ ಕಾವ್ಯ ಅಂದುಕೊಂಡುಬಿಡುತ್ತೇವೆ. ವೀಕೆಂಡಿಗೆ ಊರಿಗೆ ಹೋಗಿ ಹಂಚಿನ ಮನೆಯ ಫೋಟೋ ಹಾಕುತ್ತೇವಲ್ಲ, ಆ ಥರ. ಅವರ ಕವಿತೆಗಳು ಹಾಗಿಲ್ಲ. ಸಂಪಿಗೆ ಮರದ ಕವಿತೆಯನ್ನೇ ನೋಡಿ. ಮರಗಳ ಹೂವಿನ ಘಾಟಿಗೆ ಅಮ್ಮನಿಗೆ ತಲೆನೋವು ಬರುತ್ತೆ. ಮಗ ಮರ ಕಡಿಸೋಣ ಅಂತಾನೆ. ಅಮ್ಮ ಅದೇ ತಲೆನೋವಿನಲ್ಲೇ ಉರಿದುಬೀಳುತ್ತಾಳೆ. ಹಿತ್ತಲು ಇಲ್ಲಿ ಸುಖದ ಜಾಗ ಅಲ್ಲ. ಪ್ರೀತಿ, ಹಠ, ನೋವು ಎಲ್ಲ ಒಂದೇ ಮರದಲ್ಲಿ ಬಿಟ್ಟಿವೆ.

ಅಪ್ಪ ಸತ್ತ ಮೇಲಿನ ಕವಿತೆಯೂ ಹಾಗೇ. ಅಪ್ಪ ಬಿಟ್ಟುಹೋದದ್ದೇನು ಅಂತ ಲೆಕ್ಕ ಹಾಕುತ್ತಾ ಹೋಗುತ್ತಾರೆ: ಸಾಲ, ಹೆಣ್ಣುಮಕ್ಕಳು, ಕಾಗದಪತ್ರ, ವರ್ಷವರ್ಷ ಮಾಡಬೇಕಾದ ಕರ್ಮ. ಕಣ್ಣೀರಿನ ಒಂದು ಹನಿ ಇಲ್ಲ, ಒಣ ಹಾಸ್ಯ ಇದೆ. ಓದಿ ಮುಗಿಸಿದ ಮೇಲೆ ಗಂಟಲು ಕಟ್ಟುತ್ತೆ. ಅಪ್ಪನ ಬ್ಯಾಂಕ್ ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸೋಕೆ ಟೋಕನ್ ಹಿಡಿದು ಕೂತವರಿಗೆ ಈ ಕವಿತೆ ಬೇಗ ಅರ್ಥವಾಗುತ್ತೆ.

ಇನ್ನೊಂದು ಕವಿತೆಯಲ್ಲಿ ಮಧುರೈ ನದಿಯ ಪ್ರವಾಹ ಬರುತ್ತೆ. ಹಳೆಯ ಕವಿಗಳೂ ಹೊಸ ಕವಿಗಳೂ ನದಿ ತುಂಬಿದಾಗ ಹಾಡುತ್ತಾರೆ. ನೀರಲ್ಲಿ ಕೊಚ್ಚಿಹೋದ ಬಸುರಿಯ ಬಗ್ಗೆ ಯಾರೂ ಹಾಡೋದಿಲ್ಲ. ಕವಿಗಳ ಮೇಲೆ ಕವಿಯೇ ಇಟ್ಟ ಆಪಾದನೆ ಇದು. ಧ್ವನಿ ಮಾತ್ರ ಎಲ್ಲೂ ಏರೋದಿಲ್ಲ.

ಈ ಏರದ ಧ್ವನಿಯೇ ಕನ್ನಡಕ್ಕೆ ಅವರು ಕೊಟ್ಟ ದೊಡ್ಡ ಕೊಡುಗೆ ಅಂತ ನನ್ನ ಅಭಿಪ್ರಾಯ. ಅವರು ಕನ್ನಡದಲ್ಲಿ ಮೂರು ಕವನ ಸಂಕಲನ ತಂದರು: ‘ಹೊಕ್ಕುಳಲ್ಲಿ ಹೂವಿಲ್ಲ’ (1969), ‘ಮತ್ತು ಇತರ ಪದ್ಯಗಳು’ (1977), ‘ಕುಂಟೋಬಿಲ್ಲೆ’ (1990). ಇವು ಬರುವ ಹೊತ್ತಿಗೆ ಕನ್ನಡದಲ್ಲಿ ಗೋಪಾಲಕೃಷ್ಣ ಅಡಿಗರ ನವ್ಯ ಕಾವ್ಯದ ದೊಡ್ಡ ದನಿ ಇತ್ತು. ಆ ದನಿಯ ಹಿಂದೆ ಟಿ. ಎಸ್. ಎಲಿಯಟ್ ಇದ್ದ. ಅವನೂ ಸೇಂಟ್ ಲೂಯಿಯಲ್ಲಿ ಹುಟ್ಟಿದ ಅಮೆರಿಕದವನೇ, ಆದರೆ ಇಂಗ್ಲೆಂಡಿನ ಪ್ರಜೆಯಾಗಿ ಬದುಕಿದವನು. ಅಡಿಗರದು ವೇದಿಕೆಯಿಂದ ಕೇಳುವ ಗುಡುಗಿನ ಮಾತು. ರಾಮಾನುಜನ್ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ‘ಹೊಕ್ಕುಳಲ್ಲಿ ಹೂವಿಲ್ಲ’ ಅನ್ನೋ ಹೆಸರನ್ನೇ ಗಮನಿಸಿ. ಹೊಕ್ಕುಳಲ್ಲಿ ಹೂವಿರುವುದು ಪದ್ಮನಾಭನಿಗೆ, ಆ ಕಮಲದಲ್ಲಿ ಬ್ರಹ್ಮ ಹುಟ್ಟುತ್ತಾನೆ. ನನಗೆ ಹಾಗೇನಿಲ್ಲಪ್ಪಾ, ಇರೋದು ಬರೀ ಹೊಕ್ಕುಳು, ಅಮ್ಮನಿಂದ ಕತ್ತರಿಸಿದ ಗುರುತು ಅಂತ ವೈಷ್ಣವರ ಮನೆಯ ಹುಡುಗ ಹೇಳುತ್ತಿದ್ದಾನೆ. ನಾನು ಓದಿಕೊಂಡದ್ದು ಹಾಗೆ. ‘ಕುಂಟೋಬಿಲ್ಲೆ’ ಅಂತೂ ಅಂಗಳದ ಆಟ. ಒಂಟಿ ಕಾಲಲ್ಲಿ ಮನೆಯಿಂದ ಮನೆಗೆ ಹಾರಬೇಕು, ಗೆರೆ ತುಳಿಯಬಾರದು. ಮೂರು ಭಾಷೆಯವನಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗುತ್ತಿತ್ತಾ?

ದುಃಖದ ಸಂಗತಿ ಅಂದರೆ ನಮ್ಮ ವಯಸ್ಸಿನವರು ಅವರನ್ನು ಇಂಗ್ಲಿಷಿನಲ್ಲೇ ಓದಿರುತ್ತೇವೆ. ನಮ್ಮ ಸಭೆಯಲ್ಲಿ ಅವತ್ತು ಏಳು ಜನ ಕನ್ನಡಿಗರು ಇದ್ದೆವು. ಅವರು ಕನ್ನಡದಲ್ಲಿ ಕವಿತೆ ಬರೆದಿದ್ದಾರೆ ಅಂತ ಗೊತ್ತಿದ್ದವರು ಇಬ್ಬರು.

ಇನ್ನು ಅನುವಾದ. ಇಲ್ಲಿ ನನಗೂ ಅವರಿಗೂ ಒಂದು ಹಳೇ ತಕರಾರಿದೆ.

ನಮ್ಮೂರ ಬೆಟ್ಟದ ಮೇಲಿರುವ ದೇವರು ಸಿಡಿಲು ಮಲ್ಲಿಕಾರ್ಜುನ. ಸಾವಿರಾರು ಮೆಟ್ಟಿಲು ಹತ್ತಬೇಕು. ಆ ಲಿಂಗಕ್ಕೆ ಸಿಡಿಲು ಬಡಿಯುತ್ತದೆ, ದೇವರು ಅದನ್ನು ತಾಳಿಕೊಳ್ಳುತ್ತಾನೆ ಅನ್ನೋದು ಊರಿನ ನಂಬಿಕೆ. ಮುಂಗಾರಿನ ಮೊದಲ ಗುಡುಗು ಕೇಳಿದಾಗ ಅಜ್ಜಿ ಬೆಟ್ಟದ ಕಡೆ ತಿರುಗಿ ಕೈ ಮುಗಿಯುತ್ತಿದ್ದರು. ಹಾಗಾಗಿ ಮಲ್ಲಿಕಾರ್ಜುನ ಅಂದರೆ ನನ್ನ ಕಿವಿಗೆ ಮೊದಲು ಕೇಳೋದು ಗುಡುಗು.

ರಾಮಾನುಜನ್ ವಚನಗಳನ್ನು ಇಂಗ್ಲಿಷಿಗೆ ತಂದ ‘ಸ್ಪೀಕಿಂಗ್ ಆಫ್ ಶಿವ’ ಬಂದದ್ದು 1973ರಲ್ಲಿ. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ ನಾಲ್ವರೂ ಅದರಲ್ಲಿದ್ದಾರೆ. ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ. ರಾಮಾನುಜನ್ ಅದನ್ನು ಹೆಸರಾಗಿ ಬಿಡದೆ ಒಡೆದು ಅರ್ಥ ಮಾಡಿದರು. ಮಲ್ಲಿಕಾ ಅಂದರೆ ಮಲ್ಲಿಗೆ, ಅರ್ಜುನ ಅಂದರೆ ಬಿಳುಪು. ಇಂಗ್ಲಿಷಿನ ಅಕ್ಕ ಕೂಗುವುದು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯನನ್ನು. ಕೂಡಲಸಂಗಮನೂ ಹೀಗೇ ನದಿಗಳು ಕೂಡುವಲ್ಲಿನ ದೇವರಾದ.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಹೆಸರು ಅಂದರೆ ಒಂದು ಜಾಗ. ಶ್ರೀಶೈಲಕ್ಕೆ ಒಬ್ಬ ಮಲ್ಲಿಕಾರ್ಜುನ, ನಮ್ಮೂರಿಗೊಬ್ಬ. ಹೆಸರನ್ನು ಅರ್ಥ ಮಾಡಿಬಿಟ್ಟರೆ ಜಾಗ ಹೋಗುತ್ತೆ, ಬೆಟ್ಟ ಹೋಗುತ್ತೆ, ಗುಡುಗು ಹೋಗುತ್ತೆ. ಒಂದು ಹೂವು ಉಳಿಯುತ್ತೆ. ಈ ಥರದ ಆಕ್ಷೇಪವನ್ನು ದೊಡ್ಡ ಮಟ್ಟದಲ್ಲಿ ಎತ್ತಿದವರಿದ್ದಾರೆ. ತೇಜಸ್ವಿನಿ ನಿರಂಜನ 1992ರ ತಮ್ಮ ಪುಸ್ತಕದಲ್ಲಿ ಅಲ್ಲಮನ ವಚನವನ್ನು ಎತ್ತಿಕೊಂಡು, ರಾಮಾನುಜನ್ ಅನುವಾದವು ವಚನಗಳನ್ನು ಪಶ್ಚಿಮದ ಓದುಗರಿಗೆ ಒಗ್ಗುವಂತೆ ಪಳಗಿಸಿತು ಅನ್ನುವ ಅರ್ಥದ ವಾದ ಮಾಡಿದರು. ಅದು ತಳ್ಳಿಹಾಕುವಂಥ ವಾದವಲ್ಲ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಹುಟ್ಟಿದಾಗಿನಿಂದ ಮಲ್ಲಿಕಾರ್ಜುನ ಅನ್ನುತ್ತಾ ಬಂದ ನನಗೆ ಆ ಹೆಸರಿನೊಳಗೆ ಮಲ್ಲಿಗೆ ಇದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಷಿಕಾಗೋದಲ್ಲಿ ಕೂತವನು ತೋರಿಸಬೇಕಾಯಿತು. ದಿನಾ ಬಳಸಿ ಬಳಸಿ ನಾವು ಕೇಳಿಸಿಕೊಳ್ಳೋದನ್ನೇ ಬಿಟ್ಟಿದ್ದ ಮಾತನ್ನು ಅವರು ದೂರ ನಿಂತು ಕೇಳಿಸಿಕೊಂಡರು. ಈಗ ಗುಡುಗೂ ಕೇಳುತ್ತೆ, ಮಲ್ಲಿಗೆಯೂ ಕಾಣುತ್ತೆ. ತಕರಾರು ಪೂರ್ತಿ ಮುಗಿದಿಲ್ಲ, ಆದರೂ ಅವರ ಹತ್ತಿರ ನಾನು ಸಾಲಗಾರ.

ಅವರ ಪ್ರಭಾವ ಅಂತ ಕೇಳಿದರೆ ಜನ ಸಾಮಾನ್ಯವಾಗಿ ಪ್ರಶಸ್ತಿ ಎಣಿಸುತ್ತಾರೆ. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್, ತೀರಿಕೊಂಡ ಮೇಲೆ 1999ರಲ್ಲಿ ಸಾಹಿತ್ಯ ಅಕಾಡೆಮಿ. ಇಲ್ಲವೇ 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅವರ ‘ಮುನ್ನೂರು ರಾಮಾಯಣ’ದ ಪ್ರಬಂಧವನ್ನು ಪಠ್ಯದಿಂದ ಕೈಬಿಟ್ಟ ಗಲಾಟೆ ನೆನೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಪ್ರಭಾವ ಇರೋದು ಅಡುಗೆಮನೆಯಲ್ಲಿ.

ರಾಮಾನುಜನ್ ಹೆಂಗಸರು ಹೇಳುವ ಕಥೆಗಳನ್ನು ದಶಕಗಳ ಕಾಲ ಕೂಡಿಹಾಕಿದರು. ಮಕ್ಕಳಿಗೆ ತುತ್ತು ಹಾಕುತ್ತಾ ಅಜ್ಜಿಯರು, ಅತ್ತೆಯರು ಹೇಳುವ ಕಥೆಗಳು. ಅವರು ಹೇಳಿದ ಎರಡು ಕಥೆ ಕೇಳಿಕೊಂಡು ಗಿರೀಶ ಕಾರ್ನಾಡರು ‘ನಾಗಮಂಡಲ’ ಬರೆದರು. ಹುಡುಗಿಯೊಬ್ಬಳು ಹೂ ಬಿಡುವ ಮರವಾಗುವ ಕಥೆ ಕಾರ್ನಾಡರ ‘ಚೆಲುವಿ’ ಸಿನಿಮಾ ಆಯಿತು. ಅದೇ ಕಥೆ 2006ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆ್ಯಡಮ್ಸ್ ಕೈಯಲ್ಲಿ ಆಪೆರಾ ಆಗಿ ವಿಯೆನ್ನಾದಲ್ಲಿ ರಂಗಕ್ಕೆ ಬಂತು. ಯೋಚಿಸಿ ನೋಡಿ, ಕನ್ನಡನಾಡಿನ ಯಾವುದೋ ಒಲೆಯ ಮುಂದೆ ಹುಟ್ಟಿದ ಕಥೆ! ಲಿಪಿ ಬಾರದವರ ಬಾಯಿಮಾತು ಸಾಹಿತ್ಯವೇ ಅನ್ನೋದನ್ನು ಭಾಷಣ ಮಾಡದೆ ತೋರಿಸಿಕೊಟ್ಟರು.

ಆ ಕಥೆಗಳಲ್ಲಿ ಒಂದು ನನ್ನನ್ನು ಬಿಡೋದಿಲ್ಲ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರು ಕಟ್ಟಿದ ಕಥೆ, ಹಾಡು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದವು. ಒಂದು ಜೋಡಿಯಾಗಿ ಬಾಗಿಲಲ್ಲಿ ಕೂತಿತು, ಇನ್ನೊಂದು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ಯಾರದಿದು ಅಂತ ಜಗಳ ತೆಗೆದ, ಸಿಟ್ಟಲ್ಲಿ ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳ ಕುಡಿಗಳೆಲ್ಲ ಅಲ್ಲಿಗೆ ಬಂದು ಹರಟೆ ಹೊಡೆಯುವಾಗ ಅವನಿಗೆ ನಿಜ ಗೊತ್ತಾಯಿತು. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ. ಅಷ್ಟು ಹೊತ್ತಿಗೆ ಅವಳಿಗೆ ಮರೆತುಹೋಗಿತ್ತು. ಯಾವ ಕಥೆ, ಯಾವ ಹಾಡು ಅಂದಳು.

ಅವರ ಮಿತಿಯನ್ನೂ ಹೇಳದಿದ್ದರೆ ಇದು ವಿಮರ್ಶೆ ಆಗೋದಿಲ್ಲ, ಭಜನೆ ಆಗುತ್ತೆ. ರಾಮಾನುಜನ್ ಕವಿತೆ ಹೆಚ್ಚಾಗಿ ಮನೆಯೊಳಗಿನದು, ಅದರಲ್ಲೂ ಓದುಬರಹದ ಬ್ರಾಹ್ಮಣ ಮನೆಯೊಳಗಿನದು. ಕಿಟಕಿಯಿಂದ ಬೀದಿ ಕಾಣುತ್ತೆ, ಬೀದಿಯಿಂದ ಮನೆ ಹೇಗೆ ಕಾಣುತ್ತೆ ಅನ್ನೋದು ಅಷ್ಟಾಗಿ ಬರೋದಿಲ್ಲ. ಬ್ಯಾರನ್ ಮುಂದೆ ರಾತ್ರಿಯಿಡೀ ನಿದ್ದೆಗೆಟ್ಟು ಸೌದೆ ಒಟ್ಟುವವನು ಅವರ ಕಾವ್ಯದಲ್ಲಿ ನನಗೆ ಸಿಕ್ಕಿಲ್ಲ. ಆ ದನಿಯನ್ನು ಕನ್ನಡದಲ್ಲಿ ಬೇರೆಯವರು ತಂದರು. ಇನ್ನೊಂದು ಮಾತು. ಅವರ ಸ್ವಂತ ಕವಿತೆಯ ಸಂಕಲನಗಳು ಮಹಡಿಯ ಭಾಷೆಯಲ್ಲಿವೆ, ಬೀದಿಯ ಭಾಷೆಯಲ್ಲಿವೆ. ಅಮ್ಮನ ಭಾಷೆಯಿಂದ ಅವರು ಅನುವಾದ ಮಾಡಿದರು.

ಹಾಗಂತ ಅಮ್ಮನ ಭಾಷೆ ಅವರಿಗೆ ಸುಲಭವಾಗಿ ಸಿಗಲೂ ಇಲ್ಲ. ಎರಡು ಸಾವಿರ ವರ್ಷ ಹಳೆಯ ಸಂಗಂ ತಮಿಳಿನ ಪ್ರೇಮಪದ್ಯಗಳು ಅವರಿಗೆ ಎದುರಾದದ್ದು 1962ರಲ್ಲಿ, ಷಿಕಾಗೋದ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಹಳೆ ತಮಿಳಿನ ವ್ಯಾಕರಣ ಹುಡುಕುತ್ತಾ ಹೋದವರಿಗೆ ‘ಕುರುಂತೊಗೈ’ ಸಿಕ್ಕಿತು. ತನ್ನ ಮನೆಯದೇ ಪರಂಪರೆಯಾದರೂ ಅದು ಹುಟ್ಟಿನಿಂದ ಬರೋದಿಲ್ಲ, ದುಡಿದು ಸಂಪಾದಿಸಬೇಕು ಅನ್ನುವ ಅರ್ಥದ ಮಾತನ್ನು ಅವರು ಆಮೇಲೆ ಬರೆದರು. ಅಡುಗೆಮನೆಯಲ್ಲಿ ದಿನಾ ಕೇಳುತ್ತಿದ್ದ ಭಾಷೆ, ಸಿಕ್ಕಿದ್ದು ಸಾವಿರಾರು ಮೈಲಿ ಆಚೆಯ ನೆಲಮಾಳಿಗೆಯಲ್ಲಿ. ಅವರ ಇಡೀ ಕಾವ್ಯ, ಅನುವಾದ, ಜಾನಪದ ಎಲ್ಲದರ ಹಿಂದೆ ಇರೋದು ಈ ಒಂದೇ ತಿಳಿವಳಿಕೆ ಅಂತ ನನಗನಿಸುತ್ತೆ. ಅದಕ್ಕೇ ಅವರಲ್ಲಿ ಹಂಬಲ ಕಡಿಮೆ, ಕೆಲಸ ಜಾಸ್ತಿ.

ನನ್ನ ಭಾಷೆಗೆ ಅಂಥ ನೆಲಮಾಳಿಗೆಯೂ ಇಲ್ಲ. ಕಪಾಟಿನಲ್ಲಿ ಕಾದು ಕೂತಿರುವ ಎರಡು ಸಾವಿರ ವರ್ಷದ ಪದ್ಯಗಳಿಲ್ಲ. ಇದ್ದ ಗ್ರಂಥಾಲಯ ಅಜ್ಜಿ, ಅವರು ಹೋಗಿ ಒಂಬತ್ತು ವರ್ಷವಾಯಿತು. ಈ ಲೇಖನ ಬರೆಯೋ ಮುಂಚೆ ಅಮ್ಮನಿಗೆ ಫೋನ್ ಮಾಡಿ, ಅಜ್ಜಿ ರಾತ್ರಿ ಊಟ ಹಾಕುವಾಗ ಒಂದು ಮೊಸಳೆ ಕಥೆ ಹೇಳುತ್ತಿದ್ದರಲ್ಲ, ಅದು ಹೇಗೆ ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾವ ಕಥೆನೋ?’ ಅಂದರು.

ನನಗೆ ಅರ್ಧ ನೆನಪಿದೆ. ಮೊಸಳೆ, ಒಬ್ಬ ಮುದುಕಿ, ಹಲಸಿನಹಣ್ಣು. ಕೊನೆ ಗೊತ್ತಿಲ್ಲ. ಹೋದ ಭಾನುವಾರ ಐದು ವರ್ಷದ ಮಗಳಿಗೆ ಅಷ್ಟನ್ನೇ ಸಂಕೇತಿಯಲ್ಲಿ ಹೇಳೋಕೆ ಹೊರಟೆ. ಕ್ರಿಯಾಪದಗಳು ಕೈಕೊಟ್ಟವು, ಕನ್ನಡ ಸೇರಿಸಿದೆ, ಹಲಸಿನಹಣ್ಣಿಗೆ ಬರುವ ಹೊತ್ತಿಗೆ ಇಂಗ್ಲಿಷೂ ಬಂತು. ಅವಳು ನಕ್ಕಳು. ‘ಅಪ್ಪಾ, ಇದು ಯಾವ ಭಾಷೆ?’ ಅಂದಳು. ನಿನ್ನ ಮುತ್ತಜ್ಜಿಯದು ಅಂದೆ. ಆಮೇಲೆ ಮುದುಕಿ ಏನು ಮಾಡಿದಳು ಅಂತ ಕೇಳಿದಳು. ನಾಳೆ ಹೇಳ್ತೀನಿ ಅಂತ ಹೇಳಿ ದೀಪ ಆರಿಸಿದೆ.

ಬರುವ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಬೆಟ್ಟದಪುರದಲ್ಲಿ ದೊಡ್ಡತ್ತೆ ಇದ್ದಾರೆ, ಎಂಬತ್ತೆರಡು ವರ್ಷ. ಅವರಿಗೆ ಕೊನೆ ಗೊತ್ತಿರಬಹುದು.